ಹಸಿಯಕ್ಕಿ ಪಂಕಜಾಕ್ಷಿ

ನಮ್ಮ ಊರಿನಲ್ಲಿ ನಾಲ್ಕು ಜನ ಸೇರಿ ಉಣ್ಣುವ ಕಡೆ, ಬಂದವರೆಲ್ಲ ಬಾಯಿ ಬಿಟ್ಟು ಮಾತಾಡುವ ತನಕ ಅಕ್ಕಿ ಬೇಯುವುದಿಲ್ಲ. ಹುಳಿ ಕುದಿಯುತ್ತದೆ, ಪಾಯಸ ಕುದಿಯುತ್ತದೆ, ಹಪ್ಪಳ ಅರಳುತ್ತದೆ. ಅಕ್ಕಿ ಮಾತ್ರ ಎಸರಿನ ತಳದಲ್ಲಿ ಕಲ್ಲಾಗಿ ಕೂತಿರುತ್ತದೆ. ಚಪ್ಪರದಲ್ಲಿ ಒಬ್ಬರೇ ಒಬ್ಬರು ಬಾಯಿ ಮುಚ್ಚಿಕೊಂಡಿದ್ದರೂ ಸಾಕು, ಬಂದವರಿಗೆಲ್ಲ ಉಪವಾಸ. ಬೇರೆ ಊರಿನವರು ಇದನ್ನು ಕೇಳಿ ಬೆರಗಾಗುತ್ತಾರೆ. ಬೆರಗಾಗಲಿ, ಅವರಿಗೆ ಬೇರೆ ಕೆಲಸವಿಲ್ಲ. ಆ ಒಬ್ಬರೇ ಒಬ್ಬರು ಯಾರು ಎಂದು ಕೇಳಿದರೆ, ಬಹಳ ವರ್ಷ ಅದು ನಾನೇ ಆಗಿದ್ದೆ. ನನ್ನ ಹೆಸರು ಪಂಕಜಾಕ್ಷಿ. ಊರು ಕರೆಯುವುದು ಹಸಿಯಕ್ಕಿ ಪಂಕಜಾಕ್ಷಿ ಎಂದು.

ಮಾತಾಡಿಸುವುದಕ್ಕೆಂದೇ ಊರಿನವರು ಒಂದು ಪೀಠ ಮಾಡಿಸಿಟ್ಟಿದ್ದಾರೆ. ಹಲಸಿನ ಮರದ್ದು, ಹತ್ತಲು ಮೆಟ್ಟಿಲು ಬೇರೆ, ಮುಂಭಾಗಕ್ಕೆ ಕೆಂಪು ಬಣ್ಣದಲ್ಲಿ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಬರೆಸಿದ್ದಾರೆ. ಯಾರ ಮನೆಯಲ್ಲಿ ಮದುವೆ, ಮುಂಜಿ, ನಾಮಕರಣ ಇದ್ದರೂ ಬೆಳಿಗ್ಗೆಯೇ ಅದು ಬಂದು ಚಪ್ಪರದ ನಡುವೆ ಕೂರುತ್ತದೆ. ಬಂದವರು ಒಬ್ಬೊಬ್ಬರಾಗಿ ಹತ್ತಿ, ಎಲ್ಲರಿಗೂ ಕೇಳುವ ಹಾಗೆ ಮಾತಾಡಿ ಇಳಿಯಬೇಕು. ಎರಡು ಮಾತು ಸಾಕು ಎಂದು ಹೇಳುವುದೇನೋ ಹೇಳುತ್ತಾರೆ. ಎರಡೇ ಮಾತಿಗೆ ಇಳಿದ ಮಹಾನುಭಾವರನ್ನು ನಾನಂತೂ ಕಂಡಿಲ್ಲ. ಒಬ್ಬರು ತಮ್ಮ ಮೂಲವ್ಯಾಧಿ ಆಪರೇಷನ್ನಿನ ಕಥೆ ಹೇಳುತ್ತಾರೆ, ಅದೂ ಊಟಕ್ಕೆ ಮುಂಚೆ. ಇನ್ನೊಬ್ಬಾಕೆ ಮಗನಿಗೆ ಬಂದ ಅಂಕಗಳನ್ನು ಒಂದೊಂದೇ ವಿಷಯ ಹಿಡಿದು ಒಪ್ಪಿಸುತ್ತಾರೆ. ಕೇಳಿಸಿಕೊಳ್ಳುವವರು ಯಾರೂ ಇಲ್ಲ, ಎಲ್ಲರೂ ತಮ್ಮ ಸರದಿಗೆ ಗಂಟಲು ಸರಿಮಾಡಿಕೊಳ್ಳುತ್ತಿರುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದರೆ ಇದೇ. ನಮ್ಮಜ್ಜಿಯ ಕಾಲದಲ್ಲಿ ಈ ಪೀಠ ಇರಲಿಲ್ಲವಂತೆ. ಆಗ ಊಟ ಹೊತ್ತಿಗೆ ಸರಿಯಾಗಿ ಆಗುತ್ತಿತ್ತಂತೆ. ಈ ಎರಡನ್ನೂ ಜೊತೆಗಿಟ್ಟು ಯೋಚಿಸುವ ತಲೆ ನಮ್ಮೂರಿನಲ್ಲಿ ಒಂದೂ ಇರಲಿಲ್ಲ, ನನ್ನದನ್ನೂ ಸೇರಿಸಿಕೊಂಡು.

ನನಗೆ ಮಾತು ಬರುವುದಿಲ್ಲ ಎಂದು ತಿಳಿಯಬೇಡಿ. ಮನೆಯಲ್ಲಿ ಕೂತು ರವಿಕೆ ಹೊಲಿಯುತ್ತೇನೆ. ಹೊಲಿಸುವವರು ಒಬ್ಬೊಬ್ಬರೇ ಬರುತ್ತಾರೆ, ಹೊತ್ತು ಹೋದದ್ದೇ ಗೊತ್ತಾಗದ ಹಾಗೆ ಹರಟುತ್ತೇವೆ. ನನ್ನ ಬಾಯಿಗೆ ಹೆದರಿ ಹಾಲಿನವನು ನೀರು ಬೆರೆಸುವುದು ಬಿಟ್ಟಿದ್ದಾನೆ. ಆದರೆ ಗುಂಪು ಕಂಡರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಕಿವಿ ಬಿಸಿಯಾಗುತ್ತದೆ, ಅಂಗೈ ಬೆವರುತ್ತದೆ, ಸೆರಗು ಎಷ್ಟು ಸರಿಮಾಡಿಕೊಂಡರೂ ಸರಿಯಾಗಿಲ್ಲ ಅನ್ನಿಸುತ್ತದೆ. ಚಪ್ಪರದ ಬಾಗಿಲು ದಾಟಿದ ಕ್ಷಣದಿಂದ ಪೀಠದ ಮೇಲೆ ಏನು ಹೇಳಲಿ ಎಂಬ ಒಂದೇ ಯೋಚನೆ. ಪಕ್ಕದವರು ಚೆನ್ನಾಗಿದೀರಾ ಎಂದರೂ ತಲೆ ಆಡಿಸುತ್ತಿದ್ದೆನೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಪೀಠಕ್ಕೆಂದು ಕಟ್ಟಿಟ್ಟುಕೊಂಡ ಮಾತೂ ಚೆಲ್ಲಿಹೋದೀತು ಎಂಬ ಭಯ.

ನನಗೂ ಮದುವೆಯಾಗಿತ್ತು, ಅರ್ಧ ದಿನದ ಮಟ್ಟಿಗೆ. ನಮ್ಮೂರ ಪದ್ಧತಿಯಲ್ಲಿ ಮಾಂಗಲ್ಯ ಕಟ್ಟಿದರೆ ಸಾಲದು, ಊಟವೂ ಆಗಬೇಕು. ದೀಪ ಹಚ್ಚುವ ಹೊತ್ತಿಗೂ ಅನ್ನ ಬೇಯದಿದ್ದರೆ ಗಂಡಿನವರು ಮಾಂಗಲ್ಯ ವಾಪಸು ಪಡೆದು ಎದ್ದು ಹೋಗಬಹುದು. ನನ್ನನ್ನು ಪೀಠದ ಮೇಲೆ ನಿಲ್ಲಿಸಿದರು. ನಿಂತೆ. ಸಂಜೆಯವರೆಗೂ ಸುಮ್ಮನೆ ನಿಂತೇ ಇದ್ದೆ. ವೈಕುಂಠಯ್ಯ ಎಂಬ ಆ ಗಂಡು ಎಲ್ಲರಿಗಿಂತ ಮೊದಲು ಚಪ್ಪಲಿ ಹುಡುಕಿಕೊಂಡ. ಈಗ ಅವನು ಪ್ರತಿ ಊಟದಲ್ಲೂ ಪೀಠ ಹತ್ತಿ ತನ್ನ ಅಜೀರ್ಣದ ವಿಚಾರ ಮಾತಾಡುತ್ತಾನಂತೆ. ಅದನ್ನು ದಿನಾ ಮನೆಯಲ್ಲಿ ಕೇಳುವುದು ತಪ್ಪಿತಲ್ಲ, ಬದುಕಿಕೊಂಡೆ. ಆದರೆ ಸುಳ್ಳೇಕೆ ಹೇಳಲಿ, ಆವತ್ತು ಅತ್ತಿದ್ದೆ. ಅವನಿಗಾಗಿ ಅಲ್ಲ, ಅಷ್ಟು ಜನರ ಕಣ್ಣೆದುರಿಗೆ ಕೊರಳಿನಿಂದ ಬಿಚ್ಚಿಸಿಕೊಂಡದ್ದಕ್ಕೆ. ಅಲ್ಲಿಂದ ಮುಂದೆ ಯಾರ ಮನೆಯ ಊಟಕ್ಕೂ ಹೋಗಲಿಲ್ಲ. ಮನೆಯಲ್ಲಿ ಒಬ್ಬಳೇ ಅನ್ನ ಮಾಡಿಕೊಂಡರೆ ಅದು ಪಾಪ ಯಾವ ಭಾಷಣವನ್ನೂ ಕೇಳದೆ ಬೇಯುತ್ತದೆ.

ನನ್ನ ಅಕ್ಕ ಇಂದಿರೆಯ ಮಗಳು ವನಮಾಲ ಥೇಟು ನನ್ನ ಹಾಗೇ ಹುಟ್ಟಿದಳು. ಅಕ್ಕ ಅವಳನ್ನು ಯಾವ ಸಮಾರಂಭಕ್ಕೂ ಕರೆದುಕೊಂಡು ಹೋಗದೆ, ಜ್ವರ, ತಲೆನೋವು, ಪರೀಕ್ಷೆ ಎಂದು ನೆಪ ಹೇಳಿ ಬೆಳೆಸಿದಳು. ಅಂಥ ಹುಡುಗಿಗೆ ಅಪ್ಪ ಯಾರು ಗೊತ್ತೇ? ನರಹರಿ ಭಾವ. ಪೀಠದ ಮಹಾರಾಜ. ಅವರು ಹತ್ತಿದರೆ ಹುಳಿ ಎರಡು ಸಲ ಆರಿ ಎರಡು ಸಲ ಬಿಸಿಯಾಗಬೇಕು. ಸಾವಿನ ಮನೆಯ ಹನ್ನೆರಡನೇ ದಿನದ ಊಟದಲ್ಲೂ ಹತ್ತಿ, ಸತ್ತವರಿಗೆ ತಾವು ಕೊಟ್ಟ ಸಲಹೆಗಳನ್ನು ವಿವರಿಸಿದ ಪುಣ್ಯಾತ್ಮ. ಮಗಳು ಮಾತಾಡದಿರುವುದು ತಮಗೆ ಮಾಡಿದ ಅವಮಾನ ಎಂದೇ ಅವರು ತಿಳಿದಿದ್ದರು.

ವನಿ ಮದುವೆಗೆ ತಾನೇ ಗಂಡು ಹುಡುಕಿಕೊಂಡಳು. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯ ಪ್ರಹ್ಲಾದ. ರಟ್ಟು ಹಾಕಿಸಲು ಹೋದವಳು ಅವನ ಜೊತೆ ಮಾತಿಗೆ ಬಿದ್ದಳು. ಒಬ್ಬರೇ ಒಬ್ಬರ ಎದುರು ನಮ್ಮಂಥವರಿಗೆ ಮಾತು ಬತ್ತುವುದೇ ಇಲ್ಲ. ಇದನ್ನು ಊರಿಗೆ ತಿಳಿಹೇಳಿ ನನ್ನ ಬಾಯಿ ಒಣಗಬೇಕಷ್ಟೆ. ಪ್ರಹ್ಲಾದನ ಮನೆಗೆ ಯಜಮಾನರು ಅವನ ಸೋದರಮಾವ ವಾಮನರಾಯರು. ಅವರು ಒಪ್ಪಿದರು, ಆದರೆ ಮೊದಲೇ ಹೇಳಿದರು, “ಹುಡುಗಿ ಪೀಠದ ಮೇಲೆ ನಿಂತು ಮಾತಾಡ್ಬೇಕು. ಅವರ ಚಿಕ್ಕಮ್ಮನ ಕಥೆ ನಮಗೂ ಗೊತ್ತು. ದೀಪ ಹಚ್ಚೋವರೆಗೆ ನೋಡ್ತೀವಿ. ಆಮೇಲೆ ನಮ್ಮ ದಾರಿ ನಮಗೆ.”

ಭಾವ ಮಗಳಿಗೆ ತಾಲೀಮು ಶುರುಮಾಡಿದರು. ನಾಲಿಗೆಗೆ ಬಜೆ ತೇಯ್ದು ಹಚ್ಚಿಸಿದರು, ಒಂದೆಲಗದ ರಸ ಕುಡಿಸಿದರು. ಹಿತ್ತಲಿನ ಒರಳುಕಲ್ಲನ್ನು ಮಗುಚಿ, ಅದರ ಮೇಲೆ ಅವಳನ್ನು ನಿಲ್ಲಿಸಿ, ತಾವೇ ರಚಿಸಿದ ಭಾಷಣ ಹೇಳಿಸಿದರು. ‘ಪೂಜ್ಯ ಹಿರಿಯರೇ, ಆತ್ಮೀಯ ಬಂಧುಗಳೇ, ಈ ಶುಭಸಂದರ್ಭದಲ್ಲಿ ನನ್ನ ತೀರ್ಥರೂಪರಾದ ನರಹರಿಯವರ ಔದಾರ್ಯವನ್ನು ನೆನೆಯುತ್ತಾ’ ಎಂದು ಆರಂಭ. ಅದರ ಕೊನೆಯನ್ನು ನಾನು ಯಾವತ್ತೂ ಕೇಳಲಿಲ್ಲ, ಅಷ್ಟರಲ್ಲಿ ನನಗೆ ಎದ್ದು ಬರುವ ಹಾಗೆ ಆಗುತ್ತಿತ್ತು.

“ಹೆದ್ರಿಕೆ ಯಾಕೆ? ಎದುರಿಗೆ ಕೂತೋರನ್ನೆಲ್ಲ ಕುಂಬಳಕಾಯಿ ಅಂದ್ಕೋ,” ಎನ್ನುತ್ತಿದ್ದರು ಭಾವ. “ನಾನು ಯಾವತ್ತೂ ಹಾಗೇ ಅಂದ್ಕೊಳ್ಳೋದು.”

ಊರನ್ನೆಲ್ಲ ಕುಂಬಳಕಾಯಿ ಎಂದು ತಿಳಿದವರು ಮಾತ್ರ ಅಷ್ಟು ಹೊತ್ತು ಮಾತಾಡಲು ಸಾಧ್ಯ, ಅದೇನೋ ನಿಜ.

ಮದುವೆಗೆ ನಾನು ಹೋಗುವ ಮಾತೇ ಇರಲಿಲ್ಲ. ವನಿಯೇ ಬಂದು ನನ್ನ ಹೊಲಿಗೆ ಯಂತ್ರದ ಪಕ್ಕ ಕೂತಳು. “ಚಿಕ್ಕಮ್ಮ, ನೀನು ಬರ್ಲೇಬೇಕು. ಅಲ್ಲಿರೋ ಅಷ್ಟು ಜನದಲ್ಲಿ ನನ್ನ ಕಷ್ಟ ಗೊತ್ತಿರೋಳು ನೀನೊಬ್ಬಳೇ.”

“ನಾನು ಬಂದ್ರೆ ಇನ್ನೊಂದು ಮೂಕಬಸವ ಜಾಸ್ತಿ ಆಗುತ್ತಲ್ಲೇ.”

“ಆಗ್ಲಿ. ನಂಗೆ ಅವರು ಬೇಕು ಚಿಕ್ಕಮ್ಮ. ಅವರ ಹತ್ರ ನಾನು ನಾನಾಗಿರ್ತೀನಿ. ಈ ದರಿದ್ರ ಅಕ್ಕಿಯಿಂದ ಅವರನ್ನ ಕಳ್ಕೊಂಡ್ರೆ ನಾನು ಉಳಿಯಲ್ಲ.”

ಹಾಗೆ ಹೇಳಿದ ಮೇಲೆ ಹೋಗದೆ ಏನು ಮಾಡಲಿ? ಹೋದೆ. ಚಪ್ಪರದ ಬಾಗಿಲಲ್ಲೇ ಭಾವ ಎದುರಾದರು. “ಪಂಕಜ, ಒಂದು ಹಸಿಯಕ್ಕಿ ಸಾಲದು ಅಂತ ಎರಡಾ?” ಎಂದು ಎಲ್ಲರಿಗೂ ಕೇಳುವ ಹಾಗೆ ನಕ್ಕರು. ಜೊತೆಗೆ ನಾಲ್ಕಾರು ಜನ ನಕ್ಕರು. ಮನೆಯಾಗಿದ್ದರೆ ಅವರ ಜನ್ಮ ಜಾಲಾಡುತ್ತಿದ್ದೆ. ಅಲ್ಲಿ ಸೆರಗು ಸರಿಮಾಡಿಕೊಂಡು ಒಳಗೆ ಹೋದೆ.

ಮಾಂಗಲ್ಯಧಾರಣೆ ಸಾಂಗವಾಗಿ ಆಯಿತು. ಆಮೇಲೆ ಶುರುವಾಯಿತು ಪೀಠಾರೋಹಣ. ವಾಮನರಾಯರು ತಾವು ಹೋದ ತೀರ್ಥಯಾತ್ರೆಯ ಪ್ರತಿ ಛತ್ರದ ಬಚ್ಚಲುಮನೆಯನ್ನೂ ವರ್ಣಿಸಿದರು. ಭಾವ ಹತ್ತಿ ಇಳಿಯುವಷ್ಟರಲ್ಲಿ ಹಸುಗೂಸುಗಳು ಅತ್ತು, ಮಲಗಿ, ಎದ್ದು ಮತ್ತೆ ಅಳತೊಡಗಿದವು. ಬಿಸಿಲು ಚಪ್ಪರದ ಆ ಕಡೆಯಿಂದ ಈ ಕಡೆಗೆ ಬಂತು. ಕೊನೆಗೆ ಅಡುಗೆಯ ಕೇಶವ ಭಟ್ಟರು ಸೌಟು ಹಿಡಿದು ಹೊರಗೆ ಬಂದರು. “ಯಜಮಾನ್ರೇ, ಎಸರಿಗೆ ಮತ್ತೆ ಮತ್ತೆ ನೀರು ಹಾಕಿ ಸಾಕಾಯ್ತು. ಜಪ್ಪಯ್ಯ ಅಂದ್ರೂ ಅಕ್ಕಿ ಬೇಯ್ತಿಲ್ಲ. ಬಾಯಿ ಬಿಡದೋರು ಇನ್ನೂ ಇದಾರೆ.”

ಎಲ್ಲರ ಕಣ್ಣೂ ನನ್ನ ಕಡೆಗೆ ತಿರುಗಿದವು. ಹತ್ತಿದೆ. ‘ಮಕ್ಕಳು ಚೆನ್ನಾಗಿರಲಿ’ ಎಂದು ಹೇಳಿ ಇಳಿಯಬೇಕೆಂದು ಬೆಳಿಗ್ಗೆಯಿಂದ ಕಟ್ಟಿಟ್ಟುಕೊಂಡಿದ್ದೆ. ಮೇಲೆ ನಿಂತು ನೋಡಿದರೆ ಬರೀ ಮುಖಗಳು. ಬಾಯಿ ತೆರೆದೆ, ಗಾಳಿ ಹೊರಗೆ ಬಂತು. ಯಾರೋ ಕಿಸಕ್ಕೆಂದರು. ಇನ್ಯಾರೋ “ಏನ್ರೀ, ಇನ್ನೂ ಬಾಯಲ್ಲೇ ಬೇಯ್ತಾ ಇದೆಯಾ?” ಎಂದರು. ಇಳಿದು ಬಂದೆ. ನನ್ನ ನಂತರ ವನಿಯನ್ನು ಹತ್ತಿಸಿದರು. ಅವಳು “ಪೂಜ್ಯ” ಎಂಬುದಕ್ಕೆ ತುಟಿ ಕೂಡಿಸಿದಳು, ತುಟಿ ಕೂಡಿದ ಹಾಗೇ ನಿಂತಿತು. ಕೆಳಗಿನಿಂದ ಭಾವ, “ಹಿರಿಯರೇ! ಹಿರಿಯರೇ ಅನ್ನು! ಒರಳಿನ ಮೇಲೆ ಅಷ್ಟು ಚೆನ್ನಾಗಿ ಹೇಳ್ತಿದ್ಯಲ್ಲೇ!” ಎಂದು ಕೂಗುತ್ತಿದ್ದರು. ಹುಡುಗಿಯ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಪೀಠದಿಂದ ಹಾರಿ, ಸೀರೆ ಎತ್ತಿಕೊಂಡು ಉಗ್ರಾಣದ ಕಡೆಗೆ ಓಡಿದಳು.

ಚಪ್ಪರದಲ್ಲಿ ಗುಸುಗುಸು ಎದ್ದಿತು. ವಾಮನರಾಯರು ಆಕಾಶ ನೋಡಿ, “ದೀಪ ಹಚ್ಚೋ ಹೊತ್ತಾಯ್ತು. ನನ್ನ ಚಪ್ಪಲಿ ಎಲ್ಲಿ?” ಎಂದರು. ನನ್ನ ಮದುವೆಯ ದಿನವೂ ಇದೇ ಮಾತು, ಇದೇ ಹೊತ್ತು, ಇದೇ ಪೀಠ. ನಾನು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ.

ವನಿ ಬೂದುಗುಂಬಳಕಾಯಿಯ ರಾಶಿಗೆ ಒರಗಿ, ಬಾಸಿಂಗ ಕಿತ್ತು ಮಡಿಲಲ್ಲಿಟ್ಟುಕೊಂಡು ಬಿಕ್ಕುತ್ತಿದ್ದಳು. ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಅಡುಗೆಮನೆಯ ಸದ್ದು ಗೋಡೆಯ ಆಚೆಯಿಂದ ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ಕೇಳಿದಳು, “ಅವರು ಎದ್ರಾ ಚಿಕ್ಕಮ್ಮ?”

ಬಾಗಿಲ ಸಂದಿನಿಂದ ನೋಡಿದೆ. ವಾಮನರಾಯರು ಪ್ರಹ್ಲಾದನ ಶಲ್ಯ ಹಿಡಿದು ಎಳೆಯುತ್ತಿದ್ದರು. ಅವನು ಹಸೆಮಣೆಯ ಮೇಲೆ ಹಾಗೇ ಕೂತಿದ್ದ. ಮಾವ ಎಳೆದಷ್ಟೂ ಶಲ್ಯ ಅವರ ಕೈಗೆ ಹೋಗುತ್ತಿತ್ತೇ ಹೊರತು ಅವನು ಅಲ್ಲಾಡಲಿಲ್ಲ. ನನ್ನವನು ಎಂಬುವನು ಹೀಗೆ ಒಂದು ಗಳಿಗೆ ಕೂತಿದ್ದರೆ ಸಾಕಿತ್ತು.

“ಎದ್ದಿಲ್ಲ ಕಣೇ,” ಎಂದೆ. “ಅಂಟು ಹಾಕಿ ಕೂರಿಸಿದ ಹಾಗೆ ಕೂತಿದಾನೆ. ರಟ್ಟಿನ ಅಂಗಡಿಯೋನಲ್ವಾ.”

ಅಳುತ್ತಿದ್ದವಳು ಫಕ್ಕನೆ ನಕ್ಕಳು. ಅವಳ ನಗು ನೋಡಿ ನನಗೂ ಎಲ್ಲಿಲ್ಲದ ಹುರುಪು ಬಂತು. ರಾಶಿಯಲ್ಲಿದ್ದ ಎಲ್ಲಕ್ಕಿಂತ ದಪ್ಪನೆಯ ಕುಂಬಳಕಾಯಿಯನ್ನು ಎತ್ತಿ ಅವಳ ಎದುರಿಗಿಟ್ಟೆ. “ಇಗೋ, ನಿಮ್ಮಪ್ಪ. ಈಗ ಹೇಳು ನಿನ್ನ ಭಾಷಣಾನ.”

“ತೀರ್ಥರೂಪರೇ, ನೀವು ಸ್ವಲ್ಪ ಬಾಯಿ ಮುಚ್ಚಿದ್ರೆ ಎಲ್ಲರೂ ಉಣ್ಬಹುದಿತ್ತು,” ಎಂದಳು ವನಿ, ಕುಂಬಳಕಾಯಿಗೆ ಕೈಮುಗಿದು. ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಆಗ ಗೋಡೆಯ ಆಚೆ ತಟ್ಟೆ ಬಿದ್ದ ಸದ್ದಾಯಿತು. “ಉಕ್ಕಿತು! ಅನ್ನ ಉಕ್ಕಿತು! ಗಂಜಿ ಬಸಿಯೋಕೆ ಬನ್ರೋ!” ಎಂದು ಕೇಶವ ಭಟ್ಟರು ಕಿರುಚುತ್ತಿದ್ದರು.

ಹೊರಗೆ ಏನಾಗಿತ್ತು ಎಂದರೆ, ನಾವು ಒಳಗಿದ್ದಾಗ ಭಾವ ವಾಮನರಾಯರನ್ನು ತಡೆಯಲೆಂದು ಮತ್ತೊಂದು ಸಲ ಪೀಠ ಹತ್ತಿ, ‘ಕನ್ಯಾಪಿತೃವಿನ ನೋವು’ ಎಂಬ ವಿಷಯವಾಗಿ ಮಾತಾಡುತ್ತಿದ್ದರಂತೆ. ಅವರು ಕಣ್ಣೊರೆಸಿಕೊಂಡ ಗಳಿಗೆಗೇ ಭಟ್ಟರ ಕೂಗು ಕೇಳಿಸಿತಂತೆ. ಇನ್ನೇನು ಬೇಕು ನಮ್ಮೂರ ಜನಕ್ಕೆ? ಚಪ್ಪಾಳೆಯೋ ಚಪ್ಪಾಳೆ. ಅಕ್ಕಿಯ ಕರುಳನ್ನೂ ಕರಗಿಸಿದ ಮಾತು ಎಂದರು. ಹೆಣ್ಣು ಮಾತಾಡಲಿಲ್ಲವಲ್ಲ ಎಂದು ಕೇಳಿದವರಿಗೆ, ತಂದೆಯ ಮಾತಿನಲ್ಲಿ ಮಗಳದ್ದೂ ಬಂತು ಎಂದು ಸಮಜಾಯಿಷಿ ಕೊಟ್ಟರು. ನನ್ನ ವಿಷಯ ಯಾರೂ ಎತ್ತಲೇ ಇಲ್ಲ. ಎಲೆ ಹಾಕಿದ ಮೇಲೆ ಹಸಿಯಕ್ಕಿ ಯಾರಿಗೆ ನೆನಪಾಗುತ್ತದೆ? ವಾಮನರಾಯರು ಒಂದು ಕಾಲಿಗೆ ಮೆಟ್ಟಿದ್ದ ಚಪ್ಪಲಿಯನ್ನು ಬಿಚ್ಚಿ, ಎಲ್ಲರಿಗಿಂತ ಮೊದಲು ಪಂಕ್ತಿಯಲ್ಲಿ ಕೂತರು. ವನಿ ಬಾಸಿಂಗ ಕಟ್ಟಿಕೊಂಡು ಪ್ರಹ್ಲಾದನ ಪಕ್ಕ ಕೂತಳು. ಅವಳ ಕೊರಳು ನೋಡಿದೆ. ಮಾಂಗಲ್ಯ ಅಲ್ಲೇ ಇತ್ತು. ನಾನು ಆವತ್ತು ಎರಡು ಸಲ ಪಾಯಸ ಹಾಕಿಸಿಕೊಂಡೆ.

ಮನೆಗೆ ಬಂದು ಸೀರೆ ಮಡಿಸುವಾಗ ನನ್ನ ತಲೆಗೆ ಹೊಳೆಯಿತು. ಅಕ್ಕಿಗೆ ಬೇಕಾದದ್ದು ಬಂದವರು ಮಾತಾಡುವುದು, ಅಷ್ಟೇ. ಯಾರ ಹತ್ತಿರ, ಎಲ್ಲಿ ಕೂತು, ಎಷ್ಟು ಗಟ್ಟಿಯಾಗಿ ಎಂದು ಅದು ಯಾವತ್ತು ಕೇಳಿತ್ತು? ಬಾಯಿ ಇದ್ದವರು ಚಪ್ಪರಕ್ಕೆ ಕಾಲಿಟ್ಟಾಗಲೇ ವಟವಟ ಎಂದು ತಮ್ಮ ಪಾಲು ಸಲ್ಲಿಸಿಬಿಡುತ್ತಾರೆ. ನಾವೂ ಪಕ್ಕದವರ ಜೊತೆ ಎರಡು ಮಾತಾಡಿ ಮುಗಿಸಬಹುದಿತ್ತು. ಪೀಠದ ಹೆದರಿಕೆಗೆ ಬಾಯಿ ಹೊಲಿದುಕೊಂಡು ಕೂರುತ್ತಿದ್ದೆವು. ನಮ್ಮನ್ನು ಮಾತಾಡಿಸಲೆಂದು ಮಾಡಿಸಿದ ಪೀಠವೇ ನಮ್ಮನ್ನು ಮೂಕರನ್ನಾಗಿ ಮಾಡಿತ್ತು. ಅದರ ದೆಸೆಯಿಂದ ನನ್ನ ಕೊರಳು ಬರಿದಾಯಿತು, ಊರ ಜನರ ಹೊಟ್ಟೆ ಇಷ್ಟು ವರ್ಷ ಹಸಿದು ಉರಿಯಿತು. ಎಂಥ ಬುದ್ಧಿವಂತರಪ್ಪ ನಮ್ಮೂರಿನವರು!

ಪರೀಕ್ಷೆ ಮಾಡಲೆಂದೇ ಬೀದಿಯ ಕೊನೆಯ ಮನೆಯವರ ಗೃಹಪ್ರವೇಶಕ್ಕೆ ಹೋದೆ. ಕರೆದಿದ್ದರು, ಬರುವುದಿಲ್ಲ ಎಂದು ಗೊತ್ತಿದ್ದರಿಂದ ಬಾಯಿತುಂಬ ಕರೆದಿದ್ದರು. ನನ್ನನ್ನು ನೋಡಿ ಮನೆಯೊಡತಿಯ ಮುಖ ಸುಟ್ಟ ಬದನೆಕಾಯಿಯಾಯಿತು. ನಾನು ಪೀಠದ ಕಡೆ ತಿರುಗಿಯೂ ನೋಡದೆ ಉಗ್ರಾಣದ ಮೂಲೆಗೆ ಹೋದೆ. ಅಲ್ಲಿ ಕಂಬಕ್ಕೆ ಅಂಟಿಕೊಂಡು ಒಬ್ಬ ದಪ್ಪ ಮೀಸೆಯ ಮನುಷ್ಯ ಬೆವರುತ್ತಾ ಕೂತಿದ್ದ. ಕೈಯಲ್ಲಿ ಕರವಸ್ತ್ರ, ತುಟಿಯಲ್ಲಿ ಏನನ್ನೋ ಗಟ್ಟಿಮಾಡುತ್ತಿದ್ದ. ಜಾತಿ ಜಾತಿಯನ್ನು ಗುರುತಿಸದೆ ಇರುತ್ತದೆಯೇ? ಪಕ್ಕದಲ್ಲಿ ಕೂತೆ. ಕಿವಿ ಬಿಸಿಯಾಯಿತು, ಅಂಗೈ ಬೆವರಿತು. ಆಗಲಿ, ಅದರ ಪಾಡಿಗೆ ಅದು ಆಗುತ್ತಿರಲಿ ಎಂದು ಬಿಟ್ಟೆ.

“ನಿಮ್ಮ ಅಂಗಿಯ ಕಾಜ ಯಾರೋ ಕೆಟ್ಟದಾಗಿ ಹೊಲಿದಿದಾರೆ,” ಎಂದೆ ಮೆಲ್ಲಗೆ.

ಆತ ಬೆಚ್ಚಿಬಿದ್ದು ಅಂಗಿ ನೋಡಿಕೊಂಡ. “ನಾನೇ ಹೊಲ್ಕೊಂಡಿದ್ದು,” ಎಂದ, ಇನ್ನೂ ಮೆಲ್ಲಗೆ.

ಪೀಠದ ಮೇಲೆ ಆಗಿನ್ನೂ ಒಬ್ಬರು ತಮ್ಮ ಹೊಸ ಬೋರ್‌ವೆಲ್ಲಿನ ಆಳ ಹೇಳುತ್ತಿದ್ದರು. ನಾವು ಕಾಜದಿಂದ ಗುಂಡಿಗೆ, ಗುಂಡಿಯಿಂದ ಗುಂಡಿ ಅಂಗಡಿಯವನ ಮೋಸಕ್ಕೆ ಬರುವಷ್ಟರಲ್ಲಿ ಒಳಗಿನಿಂದ ಅನ್ನವಾಯಿತು ಎಂಬ ಕೂಗು ಬಂತು.

ಒಳ್ಳೆಯ ಮಾತು ಹೇಳೋಣ ಎಂದು ಒಂದು ಸಲ ಭಾವನ ಮನೆಗೇ ಹೋಗಿ ತಿಳಿಹೇಳಿದೆ. “ಭಾವ, ಪೀಠ ಬೇಕಾಗೇ ಇಲ್ಲ. ಪಕ್ಕದವರ ಹತ್ರ ಪಿಸುಗುಟ್ಟಿದ್ರೂ ಅಕ್ಕಿ ಬೇಯುತ್ತೆ.”

ಭಾವ ಎಲೆಅಡಿಕೆ ಜಗಿಯುತ್ತಾ ನಕ್ಕರು. “ಪಂಕಜ, ಪೀಠ ಹತ್ತಿ ಒಂದಕ್ಷರ ಆಡದೋಳು ನೀನು. ನಿನ್ನ ಬೇಳೆ ನನ್ನ ಹತ್ರ ಬೇಯಲ್ಲ. ಇತ್ತೀಚೆಗೆ ಊಟ ಯಾಕೆ ಬೇಗ ಆಗ್ತಿದೆ ಗೊತ್ತಾ? ಎಲ್ಲಾ ಕಡೆ ನನ್ನನ್ನೇ ಮೊದಲು ಹತ್ತಿಸ್ತಿದಾರೆ, ಅದಕ್ಕೆ.”

ಸರಿ ಮಾರಾಯ, ಹತ್ತು ಎಂದುಕೊಂಡು ಎದ್ದು ಬಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿ ನನಗೇನು ಆಗಬೇಕು?

ಈಗ ನಾನು ಕರೆದ ಊಟಕ್ಕೆಲ್ಲ ಹೋಗುತ್ತೇನೆ. ಇವತ್ತಿಗೂ ಗುಂಪು ಕಂಡರೆ ಕಿವಿ ಬಿಸಿಯಾಗುತ್ತದೆ, ಪೀಠ ಇವತ್ತಿಗೂ ಹತ್ತಲಾರೆ, ಹತ್ತುವ ಆಸೆಯೂ ಇಲ್ಲ. ಉಗ್ರಾಣದ ಮೂಲೆಯಲ್ಲಿ ನಮ್ಮದೊಂದು ಚಾಪೆ ಇದೆ. ಮೀಸೆಯವರು ಬರುತ್ತಾರೆ, ವನಿ, ಪ್ರಹ್ಲಾದ ಬರುತ್ತಾರೆ, ಯಾರೂ ಹೇಳದೆ ಇನ್ನಷ್ಟು ಜನ ಬಂದು ಕೂರುತ್ತಾರೆ. ಯಾರಿಗೂ ಯಾರೂ ಬಲವಂತ ಮಾಡುವುದಿಲ್ಲ. ಇಬ್ಬಿಬ್ಬರಾಗಿ ಕೂತು ನಾಲ್ಕು ಮಾತಾಡುತ್ತೇವೆ, ಆಮೇಲೆ ಸುಮ್ಮನಿರುತ್ತೇವೆ, ಸುಮ್ಮನಿರುವುದೂ ಹಿತವಾಗಿರುತ್ತದೆ. ಮೊನ್ನೆ ವನಿಯ ಮಗುವಿನ ನಾಮಕರಣ. ತಾತ ಎಂಬ ಹಕ್ಕಿನಿಂದ ಭಾವ ಎಲ್ಲರಿಗಿಂತ ಮೊದಲು ಪೀಠ ಹತ್ತಿ, ವಂಶದ ಕೀರ್ತಿಯನ್ನು ಮೂಲಪುರುಷನಿಂದ ಆರಂಭಿಸಿದರು. ಅವರು ಮುತ್ತಜ್ಜನ ಹತ್ತಿರ ಬಂದಾಗ ಅನ್ನ ಬೆಂದಿತು. ಅಜ್ಜನ ಹತ್ತಿರ ಬಂದಾಗ ಚಪ್ಪರ ಖಾಲಿಯಾಗಿ ಪಂಕ್ತಿ ತುಂಬಿತು. ಭಾವ ಇಳಿಯಲಿಲ್ಲ. ಕೊನೆಗೆ ಅವರು ಕೈ ಜೋಡಿಸಿ, “ಇನ್ನು ನನ್ನ ವಿಷಯಕ್ಕೆ ಬಂದರೆ” ಎಂದಾಗ, ನಾನು ಮಜ್ಜಿಗೆ ಅನ್ನಕ್ಕೆ ಬಂದಿದ್ದೆ.